ಭಾವಮೈದನ ಪ್ರಶ್ನೆ, ಟೊರೊಂಟೊದ ನಾಲ್ಕು ಸಂಬಳ

2018ರ ಡಿಸೆಂಬರ್ 1, ಶನಿವಾರ. ಕೆನಡಾದ ಟೊರೊಂಟೊ ಪಕ್ಕದ ಮಿಸ್ಸಿಸ್ಸಾಗಾದ ಒಂದು ಶಾಲೆಯ ಹಾಲ್‌ನಲ್ಲಿ ರಾಜ್ಯೋತ್ಸವ. ನವೆಂಬರ್‌ನಲ್ಲಿ ಹಾಲ್ ಸಿಗಲಿಲ್ಲ, ಡಿಸೆಂಬರ್‌ನಲ್ಲಿ ಮಾಡಿದರು. ಇಲ್ಲಿ ಇದೆಲ್ಲ ಮಾಮೂಲು. ಆರು ವರ್ಷದ ಮಗ ಸಂಗೊಳ್ಳಿ ರಾಯಣ್ಣನ ವೇಷ ಹಾಕಿಕೊಂಡು, ರಟ್ಟಿನ ಕತ್ತಿ ಹಿಡಿದು ಸ್ಟೇಜ್ ಪಕ್ಕ ನಿಂತಿದ್ದ. ನಾನು ಮೂರನೇ ಸಾಲಿನಲ್ಲಿ ಕೂತು, ತೊಡೆ ಮೇಲೆ ಫೋನ್ ಬಚ್ಚಿಟ್ಟುಕೊಂಡು ಸ್ಕ್ರೀನ್ ಉಜ್ಜುತ್ತಿದ್ದೆ. ಸಂಜೆ ಐದು ಗಂಟೆಯೊಳಗೆ ನಮ್ಮ ಐಸ್ ಹಾಕಿ ಟೀಮು ಟೊರೊಂಟೊ ಮೇಪಲ್ ಲೀಫ್ಸ್‌ನ ವಿಲಿಯಂ ನೈಲಾಂಡರ್ ಹೊಸ ಕಾಂಟ್ರಾಕ್ಟಿಗೆ ಸಹಿ ಹಾಕದಿದ್ದರೆ ಆ ಸೀಸನ್ ಪೂರ್ತಿ ಅವನು ಇಲ್ಲಿಯ ದೊಡ್ಡ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಆಡುವ ಹಾಗಿರಲಿಲ್ಲ. ಐದಕ್ಕೆ ಕೆಲವೇ ನಿಮಿಷ ಬಾಕಿ ಇದ್ದಾಗ ಸುದ್ದಿ ಬಂತು. ನಾನು ಜೋರಾಗಿ "ಯೆಸ್!" ಅಂದುಬಿಟ್ಟೆ. ಸ್ಟೇಜ್ ಮೇಲೆ ಹಿರಿಯರೊಬ್ಬರು ಏಕೀಕರಣದ ಬಗ್ಗೆ ಮಾತಾಡುತ್ತಿದ್ದರು. ಅದು ತಮಗೇ ಅಂದುಕೊಂಡು ಖುಷಿಯಾಗಿ, ಇನ್ನೂ ಹತ್ತು ನಿಮಿಷ ಭಾಷಣ ಬೆಳೆಸಿದರು. ಹೆಂಡತಿ ಮೊಣಕೈಯಲ್ಲಿ ತಿವಿದದ್ದು ಈಗಲೂ ನೆನಪಿದೆ.

ಇದನ್ನೆಲ್ಲ ಈಗ ಬರೆಯುವುದಕ್ಕೆ ಕಾರಣ ನನ್ನ ಭಾವಮೈದ. ಇರೋದು ಮೈಸೂರಿನಲ್ಲಿ, ಉಸಿರಾಡೋದು ಆರ್‌ಸಿಬಿ. 2025ರ ಅಕ್ಟೋಬರ್‌ನಲ್ಲಿ, ಈ ಆಟದ ಅತಿ ದೊಡ್ಡ ಸ್ಟಾರ್ ಕಾನರ್ ಮೆಕ್‌ಡೇವಿಡ್ ತನ್ನ ಎಡ್ಮಂಟನ್ ಟೀಮಿನ ಜೊತೆ ಇನ್ನೆರಡು ವರ್ಷಕ್ಕೆ ಸಹಿ ಹಾಕಿದ ದಿನ ನಾನೊಂದು ಬೇಜಾರಿನ ಪೋಸ್ಟ್ ಹಾಕಿದ್ದೆ. ಹುಡುಗ ಟೊರೊಂಟೊ ಪಕ್ಕದ ಇದೇ ರಿಚ್ಮಂಡ್ ಹಿಲ್‌ನಲ್ಲಿ ಹುಟ್ಟಿದವನು, ಒಂದು ದಿನ ಟೊರೊಂಟೊಗೆ ಬಂದೇ ಬರ್ತಾನೆ ಅಂತ ನಮಗೆಲ್ಲ ಒಂದು ಆಸೆ ಇತ್ತು. ಅದನ್ನು ನೋಡಿ ಇವನು ಫೋನ್ ಮಾಡಿದ. "ಅಲ್ಲ ಭಾವ, ನಿಮ್ಮ ಟೀಮಿನ ಹತ್ರ ದುಡ್ಡಿಗೇನು ಬರ ಇಲ್ಲ ಅಂತೀರ. ಚೆನ್ನಾಗಿ ಆಡೋರನ್ನೆಲ್ಲ ಕೊಂಡ್ಕೊಂಡ್ರೆ ಆಯ್ತಪ್ಪ. 1967ರಿಂದ ಒಂದು ಕಪ್ ಇಲ್ಲ ಅಂದ್ರೆ ಏನರ್ಥ?"

ಪ್ರಶ್ನೆ ಸರಿಯಾಗೇ ಇದೆ. ಲೀಫ್ಸ್ ಹತ್ತಿರ ದುಡ್ಡು ಕೊಳೆಯುತ್ತಾ ಬಿದ್ದಿದೆ. ಆದರೆ ಖರ್ಚು ಮಾಡೋಕೆ ಬಿಡಲ್ಲ.

2004-05ರಲ್ಲಿ ಎನ್‌ಎಚ್‌ಎಲ್ ಮಾಲೀಕರು ಆಟಗಾರರನ್ನು ಹೊರಗಿಟ್ಟು ಬೀಗ ಹಾಕಿದರು. ಇಡೀ ಸೀಸನ್ ರದ್ದಾಯಿತು. ಮತ್ತೆ ಬಾಗಿಲು ತೆಗೆದಾಗ ಸ್ಯಾಲರಿ ಕ್ಯಾಪ್ ಬಂದಿತ್ತು. ಅಂದರೆ ಒಂದು ಟೀಮು ಸಂಬಳಕ್ಕೆ ಇಷ್ಟಕ್ಕಿಂತ ಜಾಸ್ತಿ ಖರ್ಚು ಮಾಡುವಂತಿಲ್ಲ. ಮೊದಲ ವರ್ಷ ಆ ಮಿತಿ 3.9 ಕೋಟಿ ಡಾಲರ್. 2025-26ರ ಸೀಸನ್‌ಗೆ 9.55 ಕೋಟಿ. ದಂಡ ಕಟ್ಟಿ ದಾಟುತ್ತೇನೆ ಅಂದರೂ ಆಗಲ್ಲ. ಟೊರೊಂಟೊ ಆಗಲಿ, ಸ್ಟೇಡಿಯಂ ತುಂಬದ ಊರಾಗಲಿ, ಎಲ್ಲರಿಗೂ ಒಂದೇ ಅಳತೆ.

"ಓ, ನಮ್ಮ ಐಪಿಎಲ್ ಪರ್ಸ್ ಥರ" ಅಂದ. ಸುಮಾರಾಗಿ ಹೌದು, ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಐಪಿಎಲ್‌ನಲ್ಲಿ ಮೂರು-ನಾಲ್ಕು ವರ್ಷಕ್ಕೊಮ್ಮೆ ಸ್ಲೇಟು ಒರೆಸಿ ಮೆಗಾ ಹರಾಜು ಮಾಡುತ್ತಾರೆ. ತಪ್ಪು ಮಾಡಿದರೂ ಒರೆಸಿ ಹೋಗುತ್ತದೆ. ಇಲ್ಲಿ ಒಬ್ಬನಿಗೆ ಏಳೆಂಟು ವರ್ಷಕ್ಕೆ ಬರೆದುಕೊಟ್ಟರೆ ಮುಗಿಯಿತು. ಫಾರ್ಮ್ ಹೋಗಲಿ, ವಯಸ್ಸಾಗಲಿ, ಲೆಕ್ಕದ ಪುಸ್ತಕದಲ್ಲಿ ಅವನು ಕೂತೇ ಇರುತ್ತಾನೆ. ಮಿನ್ನೆಸೋಟ ಟೀಮು 2012ರ ಜುಲೈ 4ರಂದು ಜ್ಯಾಕ್ ಪಾರಿಸೆ, ರಯಾನ್ ಸೂಟರ್ ಇಬ್ಬರಿಗೂ 13 ವರ್ಷಕ್ಕೆ ತಲಾ 9.8 ಕೋಟಿ ಡಾಲರ್ ಬರೆದುಕೊಟ್ಟಿತು. 2021ರಲ್ಲಿ ಸಾಕಪ್ಪ ಅಂತ ಇಬ್ಬರನ್ನೂ ದುಡ್ಡು ಕೊಟ್ಟು ಮನೆಗೆ ಕಳಿಸಿದರು. ಆದರೂ 2023-24, 2024-25ರ ಲೆಕ್ಕದಲ್ಲಿ ಅವರಿಬ್ಬರ ಹೆಸರಿಗೆ ವರ್ಷಕ್ಕೆ 1.47 ಕೋಟಿ ಕಳೆದುಹೋಯಿತು. ಟೀಮಿನಲ್ಲೇ ಇಲ್ಲದವರಿಗೆ! ಅದೇ ಮಿನ್ನೆಸೋಟ ಆ ಭಾರ ಇಳಿಯುತ್ತಿದ್ದಂತೆ ಕಿರಿಲ್ ಕಪ್ರಿಜೋವ್‌ಗೆ ವರ್ಷಕ್ಕೆ 1.7 ಕೋಟಿಯಂತೆ ಎಂಟು ವರ್ಷಕ್ಕೆ ಬರೆದುಕೊಟ್ಟಿದೆ. ಆಟಗಾರ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆದರೂ ನನಗೆ ಒಳಗೊಳಗೇ ನಗು ಬಂತು.

ಈಗ ನಮ್ಮ ಮನೆಯ ಕಥೆಗೆ ಬರೋಣ.

2018ರ ಜುಲೈ 1. ಜಾನ್ ಟವಾರೆಸ್ ಟೊರೊಂಟೊಗೆ ಬಂದ. ಏಳು ವರ್ಷ, ವರ್ಷಕ್ಕೆ 1.1 ಕೋಟಿ ಡಾಲರ್. ಊರಿನ ಹುಡುಗ ವಾಪಸ್ ಬಂದ ಅಂತ ನಾವೆಲ್ಲ ಕುಣಿದೆವು. ಆ ಖುಷಿಯಲ್ಲಿ ಒಂದು ವಿಷಯ ಯಾರಿಗೂ ಹೊಳೆಯಲಿಲ್ಲ. ಹೊಸ ಲೇಔಟಿನಲ್ಲಿ ಒಬ್ಬರು ಒಂದು ಸೈಟಿಗೆ ಜಾಸ್ತಿ ಕೊಟ್ಟು ಕೊಂಡರೆ ಏನಾಗುತ್ತದೆ? ಪಕ್ಕದ ಸೈಟಿನವರೆಲ್ಲ ಅದೇ ರೇಟು ಹೇಳುತ್ತಾರೆ. ಇಲ್ಲೂ ಆಗಿದ್ದು ಅದೇ. ಮನೆಯೊಳಗೇ ಬೆಳೆದ ಮೂರು ಹುಡುಗರಿದ್ದರು, ಮೂವರದ್ದೂ ಹಳೇ ಕಾಂಟ್ರಾಕ್ಟ್ ಮುಗಿಯುವ ಹೊತ್ತು. ನೈಲಾಂಡರ್ ಡಿಸೆಂಬರ್‌ವರೆಗೆ ಜಗ್ಗಾಡಿ ಸುಮಾರು 70 ಲಕ್ಷಕ್ಕೆ ಒಪ್ಪಿದ. ಆಸ್ಟನ್ ಮ್ಯಾಥ್ಯೂಸ್ 2019ರ ಫೆಬ್ರವರಿಯಲ್ಲಿ 1.16 ಕೋಟಿಗೆ. ಮಿಚ್ ಮಾರ್ನರ್ ಒಂದು ಸೀಸನ್‌ನಲ್ಲಿ 94 ಪಾಯಿಂಟ್ (ಗೋಲ್, ಗೋಲ್‌ಗೆ ಕೊಟ್ಟ ಪಾಸ್ ಎರಡೂ ಸೇರಿ) ಹೊಡೆದು ಮುಗಿಸಿ, ಆ ಸೆಪ್ಟೆಂಬರ್‌ನಲ್ಲಿ 1.09 ಕೋಟಿಗೆ.

ಕೂಡಿಸಿ ನೋಡಿ. ನಾಲ್ಕು ಜನಕ್ಕೆ 4.05 ಕೋಟಿ. ಆ ವರ್ಷದ ಮಿತಿ 8.15 ಕೋಟಿ. ಅರ್ಧ ಹೋಯಿತು. ಗೋಲ್‌ಕೀಪರ್ ಫ್ರೆಡರಿಕ್ ಆಂಡರ್ಸನ್‌ಗೆ 50 ಲಕ್ಷ, ಡಿಫೆನ್ಸ್‌ನ ಮಾರ್ಗನ್ ರೈಲಿಗೆ 50 ಲಕ್ಷ. 23 ಜನರ ಟೀಮಿನಲ್ಲಿ ಇನ್ನು ಹದಿನೇಳು ಜನ ಉಳಿದರು. ಅವರಿಗೆ ತಲಾ 18 ಲಕ್ಷ ಚಿಲ್ಲರೆ.

"18 ಲಕ್ಷ ಡಾಲರ್ ಅಂದ್ರೆ ಚಿಲ್ಲರೆನಾ ಭಾವ?" ಅಂದ. ನಮಗೆ ಅಲ್ಲ ಕಣಯ್ಯ. ಆದರೆ ಆ ಪೇಟೆಯಲ್ಲಿ 18 ಲಕ್ಷಕ್ಕೆ ಸಿಗೋದು ಒಂದೋ ಇನ್ನೂ ಪಳಗದ ಹುಡುಗ, ಇಲ್ಲ ಮೊಣಕಾಲು ಸವೆದ ಮೂವತ್ತೈದರ ಹಿರಿಯ.

ಹಾಕಿಯಲ್ಲಿ ಇದು ಯಾಕೆ ಜಾಸ್ತಿ ನೋಯಿಸುತ್ತದೆ ಅಂದರೆ, ಐಸ್ ಮೇಲೆ ಯಾರೂ ಪೂರ್ತಿ ಹೊತ್ತು ಇರುವುದಿಲ್ಲ. ಮುಕ್ಕಾಲು ನಿಮಿಷ ಜೀವ ಬಿಟ್ಟು ಓಡುತ್ತಾರೆ, ಬೇಲಿ ಹಾರಿ ಬೆಂಚಿಗೆ ಬಂದು ಕೂರುತ್ತಾರೆ, ಇನ್ನೊಬ್ಬ ಹಾರುತ್ತಾನೆ. ಜಗತ್ತಿನ ನಂಬರ್ ಒನ್ ಮೆಕ್‌ಡೇವಿಡ್ ಕೂಡ 60 ನಿಮಿಷದಲ್ಲಿ ಆಡೋದು 22 ನಿಮಿಷದ ಆಸುಪಾಸು. ಉಳಿದ 38 ನಿಮಿಷ ಆ ಚಿಲ್ಲರೆಯವರೇ ಆಡಬೇಕು. ಕೊಹ್ಲಿ 20 ಓವರ್ ನಿಂತು ಗೆಲ್ಲಿಸಿದ ಹಾಗೆ ಇಲ್ಲಿ ಒಬ್ಬ ನಿಂತು ಗೆಲ್ಲಿಸೋಕೆ ಆಗಲ್ಲ.

ಆದರೆ ನನ್ನ ಸಿಟ್ಟು ಆ ನಾಲ್ಕು ಸಂಬಳದ ಮೇಲಲ್ಲ. ಆ ಸಂಬಳಕ್ಕೆ ಜಾಗ ಮಾಡೋಕೆ ಏನೇನು ಮಾರಿದರು, ಯಾರನ್ನು ಬಿಟ್ಟರು, ಅದರ ಮೇಲೆ.

ಪ್ಯಾಟ್ರಿಕ್ ಮಾರ್ಲೋ ಅಂತ ಒಬ್ಬ ಹಿರಿಯ ಆಟಗಾರ. 2017ರಲ್ಲಿ, 37ನೇ ವಯಸ್ಸಿನಲ್ಲಿ, ಮೂರು ವರ್ಷಕ್ಕೆ ವರ್ಷಕ್ಕೆ 62.5 ಲಕ್ಷದಂತೆ ಕೊಟ್ಟು ಕರೆತಂದರು. ಒಳ್ಳೆಯ ಮನುಷ್ಯ. ಹುಡುಗರಿಗೆ ಅಣ್ಣನ ಥರ ಇದ್ದ. ಆದರೆ 2019ರ ಹೊತ್ತಿಗೆ ಮಾರ್ನರ್ ಕಾಂಟ್ರಾಕ್ಟಿಗೆ ಜಾಗ ಬೇಕು, ಮಾರ್ಲೋದು ಇನ್ನೂ ಒಂದು ವರ್ಷ ಬಾಕಿ. ಏನು ಮಾಡಿದರು? ಅವನನ್ನು ಕೆರೊಲಿನಾಗೆ ಸಾಗಹಾಕಿದರು. ಸುಮ್ನೆ ಯಾರು ತಗೋತಾರೆ? ಜೊತೆಗೆ 2020ರ ಡ್ರಾಫ್ಟಿನ (ಟೀಮುಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವುದು) ತಮ್ಮ ಮೊದಲ ಸುತ್ತಿನ ಆಯ್ಕೆಯನ್ನೂ ತಟ್ಟೆಯಲ್ಲಿಟ್ಟು ಕೊಟ್ಟರು. ಆ ಆಯ್ಕೆಯಲ್ಲಿ ಕೆರೊಲಿನಾ 13ನೆಯವನಾಗಿ ಸೇತ್ ಜಾರ್ವಿಸ್ ಅನ್ನುವ ಹುಡುಗನನ್ನು ತಗೊಂಡಿತು. ಅವನು 2023-24ರಲ್ಲಿ 33 ಗೋಲ್, ಮರುವರ್ಷ 32 ಗೋಲ್ ಹೊಡೆದ. ಹಳೇ ಸೋಫಾ ಎತ್ತಿಕೊಂಡು ಹೋಗಪ್ಪ ಅಂತ ಗುಜರಿಯವನಿಗೆ ಹಸು ಕೊಟ್ಟು ಕಳಿಸಿದ ಹಾಗಾಯಿತು.

ಜ್ಯಾಕ್ ಹೈಮನ್‌ದು ಇನ್ನೂ ಉರಿಯುತ್ತದೆ. ಟೊರೊಂಟೊದಲ್ಲೇ ಹುಟ್ಟಿದವನು. ನಮ್ಮಲ್ಲಿದ್ದಾಗ 22.5 ಲಕ್ಷಕ್ಕೆ ಆಡುತ್ತಿದ್ದ. ಮೂಲೆಯಲ್ಲಿ ಎದುರಾಳಿಯ ಜೊತೆ ಗುದ್ದಾಡಿ ಪಕ್ (ಚೆಂಡಿನ ಬದಲು ಇಲ್ಲಿ ಬಳಸುವ ರಬ್ಬರ್ ಬಿಲ್ಲೆ) ಕಿತ್ತುಕೊಂಡು ಬರುವುದು, ಗೋಲಿನ ಮುಂದೆ ನಿಂತು ಬೆನ್ನಿಗೆ ಕೋಲೇಟು ತಿನ್ನುವುದು, ಅದೇ ಅವನ ಕೆಲಸ. ಟಿವಿಯಲ್ಲಿ ಅವನ ಮುಖ ಕಾಣುವುದಕ್ಕಿಂತ ಬೆನ್ನು ಕಾಣುವುದೇ ಹೆಚ್ಚು. 2021ರಲ್ಲಿ ಎಡ್ಮಂಟನ್ ವರ್ಷಕ್ಕೆ 55 ಲಕ್ಷದಂತೆ ಏಳು ವರ್ಷ ಕೊಡುತ್ತೇನೆ ಅಂದಿತು. ನಮ್ಮಲ್ಲಿ ಜಾಗ ಇರಲಿಲ್ಲ. ಹೋದ. 2023-24ರಲ್ಲಿ 54 ಗೋಲ್ ಹೊಡೆದ. ಪ್ಲೇಆಫ್‌ನಲ್ಲಿ ಮತ್ತೆ 16. ಮೆಕ್‌ಡೇವಿಡ್ ಪಕ್ಕ ಯಾರನ್ನು ನಿಲ್ಲಿಸಿದರೂ ಹೊಡೀತಾರೆ ಅಂತ ನನ್ನ ಆಫೀಸಿನವರು ಸಮಾಧಾನ ಹೇಳುತ್ತಾರೆ. ಹಾಗಾದರೆ ಉಳಿದವರು ಯಾಕೆ ಹೊಡೆಯಲಿಲ್ಲ?

ನಮ್ಮಲ್ಲೇ ಇದ್ದ ನಜೀಮ್ ಕಾದ್ರಿ ವಿಷಯದಲ್ಲಿ ಮಾತ್ರ ನಾನು ಮ್ಯಾನೇಜರ್‌ನನ್ನು ಪೂರ್ತಿ ಬೈಯಲ್ಲ. ಎರಡು ವರ್ಷ ಸತತ ಪ್ಲೇಆಫ್ ನಡುವೆ ಸಸ್ಪೆಂಡ್ ಆಗಿ ಕೂತ. ಯಾರಿಗಾದರೂ ತಲೆ ಕೆಡುತ್ತದೆ. ಆದರೆ ಅವನು ಹೋದದ್ದು ಕೊಲೊರಾಡೊಗೆ. ಅಲ್ಲಿ 2022ರ ಫೈನಲ್‌ನ ನಾಲ್ಕನೇ ಪಂದ್ಯದಲ್ಲಿ ಓವರ್‌ಟೈಮ್ ಗೋಲ್ ಹೊಡೆದು ಕಪ್ ಎತ್ತಿದ. ಅವನ ಸಂಬಳ 45 ಲಕ್ಷ. ಅದೇ ಟೀಮಿನ ದೊಡ್ಡ ಸ್ಟಾರ್ ನೇಥನ್ ಮೆಕಿನನ್ ಸಂಬಳ ಆಗ 63 ಲಕ್ಷ ಮಾತ್ರ! 2016ರಲ್ಲಿ, ಅವನು ಇನ್ನೂ ಪೂರ್ತಿ ಸ್ಟಾರ್ ಆಗುವ ಮೊದಲೇ, ಕೊಲೊರಾಡೊ ಏಳು ವರ್ಷಕ್ಕೆ ಬರೆಸಿಕೊಂಡಿತ್ತು. ರಿಂಗ್ ರೋಡ್ ಬರುವ ಮುಂಚೆ ಸೈಟ್ ಕೊಂಡವರ ಹಾಗೆ. ನಮ್ಮವರು ರೋಡ್ ಬಂದು, ಲೈಟ್ ಹಾಕಿ, ಬಸ್ ಓಡಾಡಲು ಶುರುವಾದ ಮೇಲೆ ಹೋಗಿ ಮಾತಾಡಿದರು.

ದುರದೃಷ್ಟವೂ ಇತ್ತು, ಒಪ್ಪಿಕೊಳ್ಳಬೇಕು. ಮಿತಿ ಪ್ರತಿ ವರ್ಷ ಏರುತ್ತಾ ಹೋಗುತ್ತದೆ, ಈ ಸಂಬಳಗಳು ಆಮೇಲೆ ಸಣ್ಣದಾಗಿ ಕಾಣುತ್ತವೆ ಅಂತ ಅವರ ಲೆಕ್ಕ. ಕೋವಿಡ್ ಬಂತು, ಸ್ಟೇಡಿಯಂ ಖಾಲಿಯಾದವು. 8.15 ಕೋಟಿಯ ಮಿತಿ ಮೂರು ಸೀಸನ್ ಅಲ್ಲಾಡಲಿಲ್ಲ. ಇಎಂಐ ಕಟ್ಟುವವರಿಗೆ ಇಂಕ್ರಿಮೆಂಟ್ ನಿಂತುಹೋದರೆ ಹೇಗಿರುತ್ತೆ ಅಂತ ನಿಮಗೂ ಗೊತ್ತು.

ಇಲ್ಲಿಯ ಅಭಿಮಾನಿಗಳು ಇದನ್ನೆಲ್ಲ ಬಿಟ್ಟು ಒಂದೇ ಮಾತು ಹೇಳುತ್ತಾರೆ. ಮಾರ್ನರ್ ದುರಾಸೆಯವನು. ಸಿಡ್ನಿ ಕ್ರಾಸ್‌ಬಿಯನ್ನು ನೋಡಿ ಕಲಿಯಲಿ, ವರ್ಷಾನುಗಟ್ಟಲೆ 87 ಲಕ್ಷಕ್ಕೇ ಆಡಿ ಮೂರು ಕಪ್ ಗೆದ್ದ. ನನಗೆ ಈ ಮಾತು ಕೇಳಿದರೆ ಕಿರಿಕಿರಿ. ಅಪ್ರೈಸಲ್ ದಿನ ನಾವು ಯಾರಾದರೂ ಮ್ಯಾನೇಜರ್‌ಗೆ "ಸರ್, ನನಗೆ ಕಡಿಮೆ ಕೊಡಿ, ಪಕ್ಕದ ಸೀಟಿನವರಿಗೆ ಜಾಸ್ತಿ ಕೊಡಿ" ಅಂದಿದ್ದೀವಾ? 22 ವರ್ಷದ ಹುಡುಗ, ಒಂದು ಪೆಟ್ಟು ಬಿದ್ದರೆ ಜೀವನದ ದುಡಿಮೆ ನಿಂತುಹೋಗುವ ಆಟ. ಟೀಮು ಕೊಡುತ್ತೇನೆ ಅಂದದ್ದನ್ನು ಅವನು ತಗೊಂಡ.

ಇನ್ನೊಂದು ವಿಷಯ ಬಹಳ ಜನಕ್ಕೆ ಹೊಳೆಯಲ್ಲ. 2013ರ ಒಪ್ಪಂದದಿಂದ ಈಚೆಗೆ ಲೀಗಿನ ಹಾಕಿ ಆದಾಯದಲ್ಲಿ ಅರ್ಧ ಆಟಗಾರರಿಗೆ, ಅರ್ಧ ಮಾಲೀಕರಿಗೆ. ಇದು ಖಾಯಂ. ಹಾಗಾಗಿ ಕ್ರಾಸ್‌ಬಿ ಕಡಿಮೆ ತಗೊಂಡರೆ ಮಾಲೀಕರ ಪಾಲು ಬೆಳೆಯಲ್ಲ, ಆ ದುಡ್ಡು ಇನ್ಯಾರೋ ಆಟಗಾರನ ಜೇಬಿಗೆ ಹೋಗುತ್ತದೆ. ಅಣ್ಣತಮ್ಮಂದಿರ ಜಗಳ ಇದು. ಜಮೀನು ಇಷ್ಟೇ ಅಂತ ಬೇಲಿ ಹಾಕಿದವರು ವರಾಂಡದಲ್ಲಿ ಕೂತು ಕಾಫಿ ಕುಡಿಯುತ್ತಿದ್ದಾರೆ. ಅವರನ್ನು ಬೈಯುವವರು ಒಬ್ಬರೂ ಇಲ್ಲ.

ಹಾಗೆ ನೋಡಿದರೆ ಮೆಕ್‌ಡೇವಿಡ್ ಮಾಡಿದ್ದು ವಿಚಿತ್ರ. ನಿಯಮದ ಪ್ರಕಾರ ಒಬ್ಬನಿಗೆ ಮಿತಿಯ ಶೇಕಡ 20ರವರೆಗೆ ಕೊಡಬಹುದು. ಅಂದರೆ ಅವನು 1.91 ಕೋಟಿ ಕೇಳಬಹುದಿತ್ತು. ಕೇಳಿದ್ದರೆ ಕೊಡುತ್ತಿದ್ದರು, ಕೈಮುಗಿದು ಕೊಡುತ್ತಿದ್ದರು. ಅವನು 2017ರಲ್ಲಿ ಒಪ್ಪಿದ ಅದೇ 1.25 ಕೋಟಿಗೆ ಮತ್ತೆ ಸಹಿ ಹಾಕಿದ. ಆದರೆ ಎರಡೇ ವರ್ಷಕ್ಕೆ. ನಾನು ಬಿಟ್ಟುಕೊಟ್ಟ ದುಡ್ಡಿನಲ್ಲಿ ಏನು ಮಾಡ್ತೀರೋ ಮಾಡಿ ತೋರಿಸಿ, ಎರಡು ವರ್ಷ ಕಾಯ್ತೀನಿ ಅಂದ ಹಾಗಿದೆ. ಇದು ನನ್ನ ಊಹೆ. ಎರಡು ವರ್ಷ ಸತತ ಫೈನಲ್‌ನಲ್ಲಿ ಫ್ಲಾರಿಡಾಗೆ ಸೋತವನ ಹೊಟ್ಟೆಯಲ್ಲಿ ಏನಿರುತ್ತೆ ಹೇಳಿ.

ಫ್ಲಾರಿಡಾ ಅಂದಾಗ ಇನ್ನೊಂದು ಸಂಕಟ. ಅಲ್ಲಿ ರಾಜ್ಯದ ಆದಾಯ ತೆರಿಗೆಯೇ ಇಲ್ಲ. ನಮ್ಮ ಒಂಟಾರಿಯೋದಲ್ಲಿ ಮೇಲಿನ ಹಂತದ ದರ ಶೇಕಡ 53 ದಾಟುತ್ತದೆ. ಮಿತಿ ಎಲ್ಲರಿಗೂ ಒಂದೇ, ಕೈಗೆ ಬರುವುದು ಮಾತ್ರ ಬೇರೆ ಬೇರೆ. ಅದೇ ರಾಜ್ಯದ ಟ್ಯಾಂಪಾ ಟೀಮು ಇನ್ನೂ ಘಾಟಿ. 2020ರ ಕೊನೆಗೆ ಸೊಂಟದ ಆಪರೇಷನ್ ಆಗಿ ಸೀಸನ್ ಪೂರ್ತಿ ಹೊರಗಿದ್ದ ನಿಕಿತಾ ಕುಚೆರೊವ್ 2021ರ ಪ್ಲೇಆಫ್‌ನ ಮೊದಲ ಪಂದ್ಯಕ್ಕೆ ಸರಿಯಾಗಿ ವಾಪಸ್ ಬಂದ. ಪ್ಲೇಆಫ್‌ಗೆ ಆಗ ಮಿತಿ ಇರಲಿಲ್ಲ. ಕಪ್ ಗೆದ್ದು, ಮಿತಿಗಿಂತ 1.8 ಕೋಟಿ ಜಾಸ್ತಿ ಅಂತ ಬರೆದ ಟೀ ಶರ್ಟ್ ಹಾಕಿಕೊಂಡು ಮೆರೆದ. ನನಗೆ ಸಿಟ್ಟು ಬರಲಿಲ್ಲ, ಹೊಟ್ಟೆಕಿಚ್ಚು ಬಂತು. 2025-26ರ ಸೀಸನ್‌ನಿಂದ ಪ್ಲೇಆಫ್‌ಗೂ ಮಿತಿ ತಂದಿದ್ದಾರೆ.

ಭಾವಮೈದ ಎಲ್ಲ ಕೇಳಿಸಿಕೊಂಡು, "ಇದನ್ನೇ ಭಾವ ನಾವು 17 ವರ್ಷ ಮಾಡಿದ್ದು" ಅಂದ. ಸುಳ್ಳಲ್ಲ. 2024ರ ಮೆಗಾ ಹರಾಜಿನಲ್ಲಿ ಲಖನೌ ಒಬ್ಬ ಪಂತ್‌ಗೆ 27 ಕೋಟಿ ರೂಪಾಯಿ ಸುರಿಯಿತು. ಆರ್‌ಸಿಬಿಯ ಅತಿ ದೊಡ್ಡ ಖರೀದಿ ಹೇಜಲ್‌ವುಡ್, 12.5 ಕೋಟಿ. 2025ರ ಫೈನಲ್‌ನಲ್ಲಿ 4 ಓವರ್‌ಗೆ 17 ರನ್ ಕೊಟ್ಟು ಎರಡು ವಿಕೆಟ್ ತೆಗೆದ ಕೃಣಾಲ್‌ಗೆ 5.75 ಕೋಟಿ. ನನ್ನ ಹೈಮನ್ ಕೂಡ ಹೀಗೇ ಇದ್ದ ಅಂದೆ. ಅವನಿಗೆ ಹೈಮನ್ ಯಾರು ಅಂತ ಅಷ್ಟರಲ್ಲಿ ಮರೆತುಹೋಗಿತ್ತು.

ಮಾರ್ನರ್ ಈಗ ನಮ್ಮಲ್ಲಿಲ್ಲ. 2025ರ ಮೇ ತಿಂಗಳಲ್ಲಿ ಫ್ಲಾರಿಡಾ ವಿರುದ್ಧ ಪ್ಲೇಆಫ್ ಸರಣಿಯ ಏಳನೇ ಪಂದ್ಯ, ನಮ್ಮದೇ ಊರಿನಲ್ಲಿ, 6-1 ಸೋಲು. ಆ ಸರಣಿಯಲ್ಲಿ ಜನ ಜರ್ಸಿ ಬಿಚ್ಚಿ ಐಸ್ ಮೇಲೆ ಎಸೆದರು. ಜೂನ್ ಕೊನೆಗೆ ಅವನು ವರ್ಷಕ್ಕೆ 1.2 ಕೋಟಿಯಂತೆ ಎಂಟು ವರ್ಷಕ್ಕೆ ಲಾಸ್ ವೇಗಸ್ ಸೇರಿದ. ಟವಾರೆಸ್ ಮಾತ್ರ 1.1 ಕೋಟಿಯಿಂದ 43.8 ಲಕ್ಷಕ್ಕೆ ಇಳಿದು ಇಲ್ಲೇ ಉಳಿದ.

ನಮ್ಮ ಮನೆಯಲ್ಲೊಂದು 16ನೇ ನಂಬರ್ ಮಾರ್ನರ್ ಜರ್ಸಿ ಇದೆ. ರಾಯಣ್ಣನ ವೇಷ ಹಾಕಿದ್ದ ಮಗನಿಗೆ ಏಳನೇ ಹುಟ್ಟುಹಬ್ಬಕ್ಕೆ ತಂದದ್ದು. ಬೆಳೆಯುವ ಹುಡುಗ ಅಂತ ಎರಡು ಸೈಜ್ ದೊಡ್ಡದು ತಗೊಂಡಿದ್ದೆ, ಮೊಣಕಾಲವರೆಗೆ ಬರುತ್ತಿತ್ತು. ಈಗ ಅವನಿಗೆ ಹದಿಮೂರು. ಜರ್ಸಿ ಹೊಕ್ಕುಳ ದಾಟಲ್ಲ, 6ರ ಒಂದು ಮೂಲೆ ಕಿತ್ತು ಬಂದಿದೆ. ಹೋದ ವಾರ ಹೊಸದು ಕೊಡಿಸೋಣ ಅಂತ ಅಂಗಡಿಗೆ ಕರೆದುಕೊಂಡು ಹೋದೆ. ಯಾರ ಹೆಸರು ಹಾಕಿಸಲಿ, ಮ್ಯಾಥ್ಯೂಸ್‌ದಾ ಅಂದೆ.

"ಬೇಡ ಅಪ್ಪ, ನೈಲಾಂಡರ್."

"ಯಾಕೋ? ಅವನ ಆಟ ಅಷ್ಟು ಇಷ್ಟನಾ?"

"ಅವನ ಕಾಂಟ್ರಾಕ್ಟ್ 2032ರವರೆಗೆ ಇದೆ."