ಟೋಕನ್ ವಕೀಲರದ್ದು, ಪಿನ್ ಯಾರ ಕೈಲಿ?

ಕೋರ್ಟಿಗೆ ಹಾಕುವ ಕಾಗದಕ್ಕೆ ಡಿಜಿಟಲ್ ಸಹಿ ನಡೆಯುತ್ತದಾ ಎಂದು ಶಿರಸಿಯಲ್ಲೂ ಕಾರವಾರದಲ್ಲೂ ಹಿರಿಯ ವಕೀಲರು ಈಗಲೂ ಕೇಳುವುದುಂಟು. ನಡೆಯುತ್ತದೆ. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 5ನೇ ಕಲಂ ಅದಕ್ಕೆ ಕೈಸಹಿಯ ಮಾನ್ಯತೆ ಕೊಟ್ಟಿದೆ. 2015ರಲ್ಲಿ ಆಧಾರ್‌ಗೆ ಜೋಡಿಸಿದ ಫೋನಿಗೆ ಬರುವ ಓಟಿಪಿ ಹಾಕಿ ಮಾಡುವ ಸಹಿ, ಅಂದರೆ ಇ-ಸೈನ್ ಕೂಡ ಕಾನೂನಿನೊಳಗೆ ಬಂತು.

ನಮ್ಮ ಜಿಲ್ಲೆಗಂತೂ ಇದು ಬೇಕು. ಜೋಯಿಡಾದ ಮೂಲೆಯ ಹಳ್ಳಿಯವರು ಮಳೆಗಾಲದಲ್ಲಿ ಘಟ್ಟ ಇಳಿದು ಕಾರವಾರ ತಲುಪುವ ಕಷ್ಟ ಎಲ್ಲರಿಗೂ ಗೊತ್ತು. 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದು ಹೆದ್ದಾರಿಯೇ ಬಂದ್ ಆಗಿತ್ತು. ಹಾಗೆಂದು ವಾಯಿದೆ ನಮಗಾಗಿ ಕಾಯುವುದಿಲ್ಲ.

ನನ್ನ ತಕರಾರು ಸಹಿ ಮಾಡುವ ರೀತಿಯ ಬಗ್ಗೆ. ಕಾಗದದ ಮೇಲೆ ಮಾಡಿದ ಸಹಿಯನ್ನು ಸ್ಕ್ಯಾನ್ ಮಾಡಿಟ್ಟುಕೊಂಡು ಪ್ರತಿ ಪಿಡಿಎಫ್‌ಗೂ ಅಂಟಿಸಿ, ಅದನ್ನೇ ಡಿಜಿಟಲ್ ಸಹಿ ಎನ್ನುವವರಿದ್ದಾರೆ. ಅದು ಬರೀ ಚಿತ್ರ. ಕಾಯ್ದೆಯ 3ನೇ ಕಲಂ ಹೇಳುವ ಸಹಿಯಲ್ಲಿ ಹ್ಯಾಶ್ ಇರುತ್ತದೆ, ಅಂದರೆ ಇಡೀ ಕಾಗದದಿಂದ ಲೆಕ್ಕ ಹಾಕಿ ತೆಗೆದ ಬೆರಳಚ್ಚಿನಂಥ ಗುರುತು; ಖಾಸಗಿ ಕೀ ಇರುತ್ತದೆ, ಅಂದರೆ ಸಹಿ ಮಾಡುವವರ ಬಳಿ ಮಾತ್ರ ಇರಬೇಕಾದ ಗುಪ್ತ ಸಂಕೇತ. ಸಹಿಯಾದ ಮೇಲೆ ಸರ್ವೆ ನಂಬರಿನ ಒಂದು ಅಂಕಿ ಬದಲಾಯಿಸಿದರೂ ಪರಿಶೀಲನೆಯಲ್ಲಿ ಸಿಕ್ಕಿಬೀಳುತ್ತದೆ. ಅಂಟಿಸಿದ ಚಿತ್ರಕ್ಕೆ ಆ ಶಕ್ತಿಯಿಲ್ಲ.

ಇದಕ್ಕಿಂತ ದೊಡ್ಡ ಚಿಂತೆ ಟೋಕನ್‌ನದು. ಆ ಖಾಸಗಿ ಕೀ ಇಟ್ಟಿರುವ, ಪೆನ್ ಡ್ರೈವಿನಂಥ ಸಾಧನವದು; ಪಿನ್ ಹಾಕಿದರೆ ಸಹಿ ಬೀಳುತ್ತದೆ. ಎಷ್ಟೋ ಕಚೇರಿಗಳಲ್ಲಿ ವಕೀಲರ ಯುಎಸ್‌ಬಿ ಟೋಕನ್ ಇರುವುದು ಟೈಪಿಸ್ಟ್ ಮೇಜಿನ ಡ್ರಾವರಿನಲ್ಲಿ, ಪಿನ್ ಇರುವುದು ಮಾನಿಟರಿಗೆ ಅಂಟಿಸಿದ ಚೀಟಿಯಲ್ಲಿ. ಖಾಸಗಿ ಕೀ ತನ್ನ ಹಿಡಿತದಲ್ಲೇ ಇರುವಂತೆ ನೋಡಿಕೊಳ್ಳುವುದು ಡಿಜಿಟಲ್ ಸಹಿಯ ಪ್ರಮಾಣಪತ್ರ ಪಡೆದವರ ಹೊಣೆ ಎನ್ನುತ್ತದೆ 42ನೇ ಕಲಂ. ಬೇರೆಯವರ ಇಲೆಕ್ಟ್ರಾನಿಕ್ ಸಹಿಯನ್ನು ಮೋಸದಿಂದ ಬಳಸಿದರೆ 66ಸಿ ಪ್ರಕಾರ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ನಾಳೆ "ಈ ಮೆಮೋ ನಾನು ಹಾಕಿದ್ದಲ್ಲ" ಎಂದರೆ ಯಾರು ನಂಬಬೇಕು?

ಕಕ್ಷಿದಾರರ ಪಾಡು ಇನ್ನೂ ಕಷ್ಟ. "ವಕೀಲ್ರೇ, ಓಟಿಪಿ ಬಂತು, ಬರ್ಕೊಳ್ಳಿ" ಎಂದು ಫೋನಿನಲ್ಲೇ ಆರು ಅಂಕಿ ಹೇಳಿ, ತೋಟದ ಕೆಲಸಕ್ಕೆ ಹೋಗುತ್ತಾರೆ. ದಾವೆಯಲ್ಲಿ ಏನು ಬರೆದಿದೆ ಎಂದು ಓದಿರುವುದಿಲ್ಲ, ಯಾರೂ ಓದಿ ಹೇಳಿರುವುದೂ ಇಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 6ನೇ ಆದೇಶದ 15ನೇ ನಿಯಮದಂತೆ ಯಾವ ಪ್ಯಾರಾ ಸ್ವಂತ ತಿಳಿವಳಿಕೆಯದ್ದು, ಯಾವುದು ಕೇಳಿ ನಂಬಿದ್ದು ಎಂದು ಹೇಳಿ ಸಹಿ ಮಾಡಬೇಕಾದವರು ಅವರು. ಜೊತೆಗೊಂದು ಅಫಿಡವಿಟ್ಟೂ ಇದೆ. ಪಾಟೀ ಸವಾಲಿನಲ್ಲಿ "ಇದು ನಿಮ್ಮದೇ ಸಹಿಯಾ?" ಎಂದು ಎದುರು ವಕೀಲರು ಕೇಳಿದಾಗ ಕಟಕಟೆಯಲ್ಲಿ ಒಬ್ಬರೇ ನಿಂತಿರುವವರೂ ಅವರೇ.

ಇನ್ನೊಂದು ಮಾತು, ಬೆಂಗಳೂರಿನಲ್ಲಿರುವ ಮಕ್ಕಳಿಗೆ: ಉಯಿಲಿಗೆ ಇ-ಸೈನ್ ನಡೆಯುವುದಿಲ್ಲ. ಕಾಯ್ದೆಯ ಮೊದಲ ಅನುಸೂಚಿ ಅದನ್ನು ಹೊರಗಿಟ್ಟಿದೆ. ಮನೆಯವರೊಳಗೆ ಬರೆದುಕೊಳ್ಳುವ ಮುಖ್ತ್ಯಾರ ಪತ್ರಕ್ಕೂ ಅದೇ ಮಾತು. ಅಪ್ಪನ ಫೋನಿಗೆ ಬಂದ ಓಟಿಪಿ ಹಾಕಿ ತೋಟ ಬರೆಸಿಕೊಳ್ಳಲು ಹೋಗಬೇಡಿ.

ನಾನು ಕೇಳುವುದು ಇಷ್ಟು. ವಕೀಲರು ತಮ್ಮ ಟೋಕನ್ ತಾವೇ ಇಟ್ಟುಕೊಳ್ಳಲಿ. ಓದು ಬಾರದ ಕಕ್ಷಿದಾರರಿಗೆ ಕೋರ್ಟಿನ ಇ-ಸೇವಾ ಕೇಂದ್ರದಲ್ಲೇ ದಾವೆಯನ್ನು ಕನ್ನಡದಲ್ಲಿ ಓದಿ ಹೇಳಿ, ಆಮೇಲೆ ಓಟಿಪಿಯನ್ನು ಅವರ ಕೈಯಿಂದಲೇ ಒತ್ತಿಸಲಿ. ತಾಲೂಕು ವಕೀಲರ ಸಂಘಗಳು ಮನಸ್ಸು ಮಾಡಿದರೆ ಇದಕ್ಕೆ ಹೊಸ ಕಾನೂನು ಬೇಕಿಲ್ಲ.