ಸೀರಿಯಲ್ಲಿನ ಸಂಪಾದಕರು ಓದುವುದು ಯಾವಾಗ?

ಪೊಲೀಸರ ಮೇಲೆ ಸೀರಿಯಲ್ ಮಾಡುವುದು ಸುಲಭ. ಕಳ್ಳ ಮುಂದೆ ಓಡುತ್ತಾನೆ, ಪೊಲೀಸ್ ಹಿಂದೆ ಓಡುತ್ತಾನೆ. ಡಾಕ್ಟರ ಮೇಲೆ ಮಾಡುವುದೂ ಕಷ್ಟವಲ್ಲ. ಆಪರೇಷನ್ ಥಿಯೇಟರಿನ ಕೆಂಪು ದೀಪ ಹತ್ತಿದರೆ ಸಾಕು, ಹೊರಗೆ ಕೂತ ನೆಂಟರ ಜೊತೆ ನಾವೂ ದೇವರನ್ನು ನೆನೆಯುತ್ತೇವೆ. ವಕೀಲರಿಗೆ ಕರಿ ಕೋಟು ಇದೆ, ಎದ್ದು ನಿಂತು ಗುಡುಗುವ ಅವಕಾಶ ಇದೆ. ಪಾಪ, ಸಂಪಾದಕರಿಗೆ ಏನಿದೆ? ಒಂದು ಕುರ್ಚಿ, ಒಂದು ಕಟ್ಟು ಕಾಗದ, ಕೆಂಪು ಪೆನ್ನು, ಆರಿದ ಕಾಫಿ. ಬೆಳಿಗ್ಗೆ ಕೂತವರು ಸಂಜೆ ಏಳುತ್ತಾರೆ. ನಡುವೆ ನಡೆದದ್ದೆಲ್ಲ ತಲೆಯೊಳಗೆ. ಕ್ಯಾಮೆರಾ ಎಲ್ಲಿಡಬೇಕು ಹೇಳಿ?

ಆದರೂ ಇಂಥ ಸೀರಿಯಲ್ಲುಗಳು ಬರುತ್ತಲೇ ಇರುತ್ತವೆ, ನಾನು ಬಿಡದೆ ನೋಡುತ್ತೇನೆ. ಅಚ್ಚಿಗೆ ಹೋಗುವ ಮೊದಲು ಪುಟಗಳ ತಪ್ಪು ಹುಡುಕಿ, ಅಂದರೆ ಪ್ರೂಫ್ ನೋಡಿ, ಜೀವನ ಮಾಡುವವಳು ನಾನು. ಹಗಲೆಲ್ಲ ಮಾಡಿದ್ದನ್ನೇ ರಾತ್ರಿ ಟೀವಿಯಲ್ಲಿ ನೋಡುತ್ತೀಯಲ್ಲ ಅಂತ ಮನೆಯಲ್ಲಿ ಬೈಸಿಕೊಳ್ಳುವುದೂ ಇದೆ. ಒಂದು ಸಲ ನಮ್ಮ ಅತ್ತೆ ಪಕ್ಕದಲ್ಲಿ ಕೂತು ಒಂದು ಎಪಿಸೋಡ್ ಪೂರ್ತಿ ನೋಡಿದರು. ಅದರಲ್ಲಿ ಎಡಿಟರ್ ಮಳೆಯಲ್ಲಿ ಓಡಿದ್ದಾಯಿತು, ಲೇಖಕರ ಮನೆ ಬಾಗಿಲು ಬಡಿದದ್ದಾಯಿತು, ಬಾರಿನಲ್ಲಿ ಕೂತು ಅತ್ತದ್ದೂ ಆಯಿತು. ಅತ್ತೆ ಕನ್ನಡಕ ತೆಗೆದು, "ಅಲ್ಲಮ್ಮ, ಇವರೆಲ್ಲ ಓದೋದು ಯಾವಾಗ?" ಅಂದರು. ಯಾವ ವಿಮರ್ಶಕರೂ ಇಷ್ಟು ಸರಿಯಾಗಿ ಕೇಳಿದ್ದನ್ನು ನಾನು ಕಾಣೆ.

ಅಮೆರಿಕದ 'ಯಂಗರ್' ತೆಗೆದುಕೊಳ್ಳಿ. 2015ರಿಂದ 2021ರವರೆಗೆ ಏಳು ಸೀಸನ್ ಬಂತು. ನಾಯಕಿ ಲೈಜಾಗೆ 40 ವರ್ಷ. ಮಗಳನ್ನು ಬೆಳೆಸಲು ಕೆಲಸ ಬಿಟ್ಟವಳು ಡೈವೋರ್ಸ್ ಆದಮೇಲೆ ನ್ಯೂಯಾರ್ಕಿನಲ್ಲಿ ಮತ್ತೆ ಪುಸ್ತಕದ ಕೆಲಸ ಹುಡುಕುತ್ತಾಳೆ. ಯಾರೂ ಮೂಸುವುದಿಲ್ಲ. ಕೊನೆಗೆ 26 ವರ್ಷ ಅಂತ ಸುಳ್ಳು ಹೇಳಿ ಪ್ರಕಾಶನ ಸಂಸ್ಥೆಯೊಂದಕ್ಕೆ ಸೇರುತ್ತಾಳೆ. 2019ರ ಕೊರಿಯನ್ ಸೀರಿಯಲ್ 'ರೊಮಾನ್ಸ್ ಈಸ್ ಎ ಬೋನಸ್ ಬುಕ್'ನಲ್ಲೂ ಹೆಚ್ಚುಕಡಿಮೆ ಇದೇ ಪಾಡು. ದಾನ್-ಇ ಒಂದು ಕಾಲದಲ್ಲಿ ಜಾಹೀರಾತು ಬರೆಯುವುದರಲ್ಲಿ ಹೆಸರು ಮಾಡಿದವಳು. ಮದುವೆ, ಮಗು, ಡೈವೋರ್ಸ್ ಎಲ್ಲ ಮುಗಿಸಿ ಬಂದರೆ ಕೆಲಸವಿಲ್ಲ. ಡಿಗ್ರಿಯನ್ನು ಬಚ್ಚಿಟ್ಟು, ಒಂದು ಪ್ರಕಾಶನದಲ್ಲಿ ಚಿಲ್ಲರೆ ಕೆಲಸ ಮಾಡುವ ಹೆಂಗಸಾಗಿ ಸೇರಿಕೊಳ್ಳುತ್ತಾಳೆ. ಅವಳು ವಯಸ್ಸು ಮುಚ್ಚಿಟ್ಟರೆ ಇವಳು ಓದಿದ್ದನ್ನೇ ಮುಚ್ಚಿಟ್ಟಳು. ಪುಸ್ತಕ ಮಾಡುವ ಜಾಗಕ್ಕೆ 'ನಾನು ಓದಿಲ್ಲ' ಅಂತ ಹೇಳಿ ಒಳಗೆ ಹೋಗಬೇಕಾಗಿ ಬಂದದ್ದು ನೋಡಿ! ನಗು ಬರುತ್ತದೆ. ಆದರೆ ಮಕ್ಕಳಿಗಾಗಿ ಕೆಲಸ ಬಿಟ್ಟು ಮತ್ತೆ ಅರ್ಜಿ ಹಾಕಿದ ಹೆಂಗಸರನ್ನು ಕೇಳಿ ನೋಡಿ, ಅವರಿಗೆ ನಗು ಅಷ್ಟಾಗಿ ಬರುವುದಿಲ್ಲ.

ಶುರುವಿನ ಈ ಸಂಕಟ ನಿಜದ್ದು. ಮುಂದೆ ಎರಡೂ ಕಡೆ ಪ್ರೀತಿ ಪ್ರೇಮ ಬಂದು ಪುಸ್ತಕಗಳು ಹಿಂದಿನ ಕಪಾಟಿಗೆ ಸರಿಯುತ್ತವೆ. ಎಡಿಟರುಗಳ ಮನೆ, ಬಟ್ಟೆ, ಚಪ್ಪಲಿ ನೋಡಿದರೆ ಅವರ ಸಂಬಳ ಎಷ್ಟಿರಬಹುದು ಅಂತ ನನಗೆ ಸುಮ್ನೆ ಹೊಟ್ಟೆ ಉರಿಯುತ್ತದೆ. ಅದೊಂದನ್ನು ಬಿಟ್ಟರೆ ದೂರೇನಿಲ್ಲ.

ನನ್ನ ಕೆಲಸದವರನ್ನೇ ನಾಯಕಿ ಮಾಡಿದವರು ಜಪಾನಿನವರು. 2016ರ ಕೊನೆಯಲ್ಲಿ ನಿಪ್ಪಾನ್ ಟೀವಿಯಲ್ಲಿ ಬಂದ 'ಜಿಮಿ ನಿ ಸುಗೋಯ್' ಅನ್ನುವ ಸೀರಿಯಲ್ಲಿನ ಕೋನೊ ಎತ್ಸುಕೊಗೆ ಫ್ಯಾಷನ್ ಮ್ಯಾಗಝೀನಿನ ಎಡಿಟರ್ ಆಗುವ ಹುಚ್ಚು. ವರ್ಷ ವರ್ಷವೂ ಅದೇ ಕಂಪನಿಗೆ ಇಂಟರ್‌ವ್ಯೂ ಕೊಟ್ಟು ಕೊಟ್ಟು ಒಂದು ದಿನ ಕೆಲಸ ಸಿಗುತ್ತದೆ. ಹೋಗಿ ನೋಡಿದರೆ ನೆಲಮಾಳಿಗೆಯ ಪ್ರೂಫ್ ವಿಭಾಗ! ಅಲ್ಲಿಗೆ ಆರಿಸಿದ್ದಾದರೂ ಯಾಕೆ? ಜಪಾನಿಯಲ್ಲಿ ಈ ಕೆಲಸಕ್ಕೆ 'ಕೋಎತ್ಸು' ಅನ್ನುತ್ತಾರೆ, ಇವಳ ಹೆಸರನ್ನು ಚಿಕ್ಕದು ಮಾಡಿದರೂ ಹಾಗೇ ಆಗುತ್ತದೆ, ಅಷ್ಟಕ್ಕೇ. ನಮ್ಮಲ್ಲಿ ಜಾತಕ ನೋಡಿ ಹೆಣ್ಣು ಕೊಡುವವರು ಇದಕ್ಕಿಂತ ಜಾಸ್ತಿ ವಿಚಾರ ಮಾಡುತ್ತಾರೆ.

ಜಪಾನಿನ ದೊಡ್ಡ ಪ್ರಕಾಶಕರಲ್ಲಿ ಪ್ರೂಫ್ ನೋಡುವುದು ಅಂದರೆ ಬರೀ ಕಾಗುಣಿತ ತಿದ್ದುವುದಲ್ಲ. ಕಾದಂಬರಿಯಲ್ಲಿ ಒಂದು ತಾರೀಕು, ಬೆಳದಿಂಗಳು ಎರಡೂ ಬಂದರೆ ಆ ದಿನ ಹುಣ್ಣಿಮೆ ಇತ್ತಾ ಅಂತ ನೋಡುವವರೂ ಇವರೇ. ಹದಿನೈದನೇ ಪುಟದಲ್ಲಿ ಎಡಗೈಗೆ ಪೆಟ್ಟು ಬಿದ್ದವನು ನೂರನೇ ಪುಟದಲ್ಲಿ ಬಲಗೈಗೆ ಬ್ಯಾಂಡೇಜ್ ಕಟ್ಟಿಕೊಂಡಿದ್ದರೆ ಹಿಡಿಯಬೇಕಾದವರೂ ಇವರೇ. ತಪ್ಪು ಅಂತ ಖಾತ್ರಿ ಇದ್ದರೆ ಕೆಂಪು ಪೆನ್ನು. ಅನುಮಾನ ಇದ್ದರೆ ಪೆನ್ಸಿಲ್ಲಿನಲ್ಲಿ ಅಂಚಿಗೆ ಮೆಲ್ಲಗೆ ಒಂದು ಪ್ರಶ್ನೆ, 'ಇದು ಹೀಗೇ ಇರಲಾ?' ಅಂತ. ಪೆನ್ಸಿಲ್ ಯಾಕೆ ಅಂದರೆ ಲೇಖಕರು ಬೇಡ ಅಂದರೆ ಅಳಿಸಿಬಿಡಬಹುದು. ಈ ಪೆನ್ಸಿಲ್ಲಿನ ಮರ್ಯಾದೆ ನನಗೆ ಬಹಳ ಇಷ್ಟ. ತಿದ್ದುವುದಕ್ಕೆ ಗೊತ್ತಿರುವವರು ಬೇಕಾದಷ್ಟು ಜನ ಸಿಗುತ್ತಾರೆ, ಕೇಳುವುದಕ್ಕೆ ಗೊತ್ತಿರುವವರು ಕಡಿಮೆ.

ಆದರೆ ಸೀರಿಯಲ್ಲಿನವರಿಗೆ ಪೆನ್ಸಿಲ್ ಸಾಲದು. ಎತ್ಸುಕೊ ಕಾದಂಬರಿಯಲ್ಲಿ ಬಂದ ಜಾಗಗಳಿಗೆ ತಾನೇ ಹೊರಡುತ್ತಾಳೆ, ಲೇಖಕರ ಮನೆಗೇ ನುಗ್ಗುತ್ತಾಳೆ. ಅದೂ ಪ್ರತಿ ಸಲ ಹೊಸ ಬಟ್ಟೆ ಹಾಕಿಕೊಂಡು. ನಿಜವಾಗಿ ಪ್ರೂಫ್ ನೋಡುವವರು ಹೀಗೆ ಊರು ಸುತ್ತಿದರೆ ಆ ತಿಂಗಳ ಪುಸ್ತಕ ಮುಂದಿನ ಯುಗಾದಿಗೆ ಬರುತ್ತದೆ. ಆದರೂ ನಾನು ಹತ್ತೂ ಎಪಿಸೋಡ್ ನೋಡಿ ಮುಗಿಸಿದೆ. ನಮ್ಮನ್ನು ನೆಲಮಾಳಿಗೆಯಲ್ಲೇ ಕೂರಿಸಿದರೂ ದೀಪ ಹಾಕಿ ತೋರಿಸಿದ್ದಾರಲ್ಲ.

ಅದೇ ವರ್ಷ ಏಪ್ರಿಲ್‌ನಲ್ಲಿ ಟಿಬಿಎಸ್ ಚಾನೆಲ್ಲಿನಲ್ಲಿ ಶುರುವಾದ 'ಜೂಹಾನ್ ಶುತ್ತಾಯ್' ಇನ್ನೂ ಒಂದು ಕೈ ಮೇಲು. ಜೂಡೋ ಆಡುತ್ತಿದ್ದ ಹುಡುಗಿ ಕುರೊಸಾವಾ ಕೊಕೊರೊ ಪೆಟ್ಟು ಬಿದ್ದು ಆಟ ಬಿಟ್ಟು, ಮಾಂಗಾ, ಅಂದರೆ ಚಿತ್ರಕಥೆಗಳ, ವಾರಪತ್ರಿಕೆಯ ಎಡಿಟರ್ ಆಗುತ್ತಾಳೆ. ಇಂಟರ್‌ವ್ಯೂ ದಿನವೇ, ಕಸ ಗುಡಿಸುವವನ ವೇಷದಲ್ಲಿದ್ದ ಕಂಪನಿ ಯಜಮಾನನನ್ನು ಎತ್ತಿ ಒಗೆಯುತ್ತಾಳೆ. ಇದು ಸೀರಿಯಲ್ ಅಂತ ಅಲ್ಲೇ ಗೊತ್ತಾಗುತ್ತದೆ. ಆದರೆ ಮೊದಲ ಎಪಿಸೋಡಿನಲ್ಲೇ ಬರುವ ಒಂದು ವಿಷಯ ನನ್ನನ್ನು ಹಿಡಿದು ಕೂರಿಸಿತು.

ಮಿಕುರಾಯಾಮಾ ಅನ್ನುವ ಹಿರಿಯ ಚಿತ್ರಕಾರ. ಎಷ್ಟೋ ವರ್ಷದಿಂದ ಬರೆಯುತ್ತಿರುವವರು. ಈಚೆಗೆ ಅವರ ಚಿತ್ರ ಕೆಟ್ಟಿದೆ, ಮುಖಗಳು ಸೊಟ್ಟಗಾಗುತ್ತಿವೆ ಅಂತ ಜನ ಇಂಟರ್‌ನೆಟ್ಟಿನಲ್ಲಿ ಆಡಿಕೊಳ್ಳುತ್ತಾರೆ. ಅದು ಅವರ ಕಿವಿಗೂ ಬೀಳುತ್ತದೆ. ಮುದುಕರು ಪೆನ್ನು ಕೆಳಗಿಡುತ್ತಾರೆ. ಆಫೀಸಿನ ದೊಡ್ಡವರೆಲ್ಲ ಹೇಗೆ ಸಮಾಧಾನ ಮಾಡುವುದು ಅಂತ ತಲೆ ಕೆಡಿಸಿಕೊಂಡಿದ್ದರೆ, ಈ ಹುಡುಗಿ ಹಳೆಯ ಪುಟಗಳನ್ನೂ ಹೊಸ ಪುಟಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡುತ್ತಾ ಕೂರುತ್ತಾಳೆ. ಕೊನೆಗೆ ಗೊತ್ತಾಗುವುದು ಏನು? ಕೈ ಕೆಟ್ಟಿಲ್ಲ, ಬೆನ್ನು ಬಾಗಿದೆ. ವಯಸ್ಸಿಗೆ ಬೆನ್ನು ಬಗ್ಗಿ, ಕಣ್ಣು ಕಾಗದಕ್ಕೆ ಹತ್ತಿರವಾಗಿ, ಅವರು ಓರೆಯಲ್ಲಿ ನೋಡಿ ಬರೆಯುತ್ತಿದ್ದಾರೆ. ಅವರ ಹಾಗೇ ಬಗ್ಗಿ ಓರೆಯಲ್ಲಿ ನೋಡಿದರೆ ಚಿತ್ರ ನೆಟ್ಟಗಿದೆ. ಔಷಧಿ ಬೇಡ, ಸಮಾಧಾನದ ಮಾತೂ ಬೇಡ. ಕೂತು ಬರೆಯುವ ರೀತಿ ಸರಿ ಮಾಡಿಕೊಂಡರಾಯಿತು.

ಇದನ್ನು ನಾನು ಸಂಪಾದನೆ ಅನ್ನುತ್ತೇನೆ. ಯಾರೂ ಓಡಲಿಲ್ಲ, ಯಾರೂ ಅಳಲಿಲ್ಲ. (ಆಮೇಲೆ ಅತ್ತರು, ಅದು ಬೇರೆ.) ಒಬ್ಬಳು ಕೂತು ಕಣ್ಣಿಟ್ಟು ನೋಡಿದಳು ಅಷ್ಟೇ. ಕ್ಯಾಮೆರಾ ಎಲ್ಲಿಡಬೇಕು ಅನ್ನುವುದಕ್ಕೆ ಉತ್ತರವೂ ಇಲ್ಲೇ ಇದೆ, ಅಲ್ವಾ? ಓದುವವರ ಮುಖದ ಮೇಲೆ ಇಟ್ಟು ಪ್ರಯೋಜನವಿಲ್ಲ, ಅವರು ಓದುತ್ತಿರುವ ಕಾಗದದ ಮೇಲೆ ಇಡಬೇಕು.

ಆ ಸೀರಿಯಲ್ಲಿನ ಯಜಮಾನನೂ ಒಂದು ತಮಾಷೆಯ ಆಸಾಮಿ. ಅದೃಷ್ಟವನ್ನು ಕೂಡಿಡಬಹುದು ಅಂತ ಅವನ ನಂಬಿಕೆ. ಅದಕ್ಕೇ ಬೀದಿಯ ಕಸ ಎತ್ತುತ್ತಾನೆ, ಸಾದಾ ಮನೆಯಲ್ಲಿರುತ್ತಾನೆ. ಹಾಗೆ ಉಳಿಸಿದ ಅದೃಷ್ಟವೆಲ್ಲ ಪುಸ್ತಕದ ಮಾರಾಟಕ್ಕೆ ಖರ್ಚಾಗಲಿ ಅಂತ. ಕನ್ನಡ ಪ್ರಕಾಶಕರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಸಾವಿರ ಪ್ರತಿ ಹಾಕಿಸಿ ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಕಾಯುವವರು ಮಾಡುತ್ತಿರುವುದೂ ಅದೃಷ್ಟದ ವ್ಯಾಪಾರವೇ. ಮರುಮುದ್ರಣ ಆಯಿತು ಅಂತ ಆ ಜಪಾನಿ ಆಫೀಸಿನಲ್ಲಿ ಎಲ್ಲರೂ ಒಟ್ಟಿಗೆ ಕೂಗುವುದನ್ನು ನೋಡಿ ನನಗೆ ಅವರ ಸಂಭ್ರಮ ಅರ್ಥವಾಯಿತು.

2024ರಲ್ಲಿ ಜಪಾನಿನದೇ ಎನ್‌ಎಚ್‌ಕೆ ಚಾನೆಲ್ ಇನ್ನೂ ಸಾಹಸ ಮಾಡಿತು. 'ಫುನೆ ಒ ಅಮು' ಅನ್ನುವ ಕಾದಂಬರಿಯಿಂದ ಬಂದ ಹತ್ತು ಎಪಿಸೋಡಿನ ಸೀರಿಯಲ್ ಅದು. ಕಥೆ ಏನು ಅಂದರೆ ನಿಘಂಟು ಮಾಡುವುದು. ಇಲ್ಲೂ ನಾಯಕಿ ಫ್ಯಾಷನ್ ಮ್ಯಾಗಝೀನಿನಿಂದ ಎತ್ತಂಗಡಿಯಾಗಿ ಬಂದವಳು. ಜಪಾನಿನ ಸೀರಿಯಲ್ ಬರೆಯುವವರಿಗೆ ಫ್ಯಾಷನ್ ಮ್ಯಾಗಝೀನೇ ಸ್ವರ್ಗ, ಅಲ್ಲಿಂದ ಜಾರಿದವರು ಬಿದ್ದ ಕಡೆ ಜ್ಞಾನೋದಯ. ಆ ನಿಘಂಟಿಗೆ ಬೇಕಾದ ಕಾಗದದ ಮಾತು ಬರುತ್ತದೆ ನೋಡಿ, ಅಲ್ಲಿ ನಾನು ಸೋತೆ. ಕಾಗದ ತೆಳ್ಳಗಿರಬೇಕು, ಹಿಂದಿನ ಅಚ್ಚು ಕಾಣಬಾರದು, ಅಷ್ಟೇ ಅಲ್ಲ. ಪುಟ ತಿರುಗಿಸುವಾಗ ಬೆರಳಿಗೆ ಹಿತವಾಗಿ ಅಂಟಿಕೊಳ್ಳಬೇಕು, ಎರಡು ಪುಟ ಒಟ್ಟಿಗೆ ಮಾತ್ರ ಬರಬಾರದು. ಅದಕ್ಕಾಗಿ ಕಾಗದದ ಕಂಪನಿಯವರು ಮಾಡಿ ಮಾಡಿ ತರುತ್ತಾರೆ, ಇವರು ಬೆರಳಾಡಿಸಿ ನೋಡುತ್ತಾರೆ. ನಮ್ಮ ಪುಸ್ತಕಗಳ ಒಳಪುಟದಲ್ಲಿ 'ಬಳಸಿದ ಕಾಗದ: 70 ಜಿಎಸ್‌ಎಂ ಮ್ಯಾಪ್ಲಿತೊ' ಅಂತ ಕಾಗದದ ತೂಕ, ಜಾತಿ ಬರೆದಿರುತ್ತದಲ್ಲ, ಅದನ್ನು ಓದುವವರು ಯಾರು ಅಂತ ಕೇಳುವವರಿಗೆ ಈ ಸೀರಿಯಲ್ ತೋರಿಸಬೇಕು.

ನಿಘಂಟು ಅಂದಾಗ ನಮ್ಮವರ ನೆನಪೂ ಬರುತ್ತದೆ. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟು ಎಂಟು ಸಂಪುಟ. ಮೊದಲನೆಯದು 1970ರಲ್ಲಿ ಬಂತು, ಎಂಟನೆಯದು 1995ರಲ್ಲಿ. ಕೆಲಸ ಶುರುವಾದದ್ದು ಅದಕ್ಕೂ ಎಷ್ಟೋ ಮೊದಲು. ಅದರಲ್ಲಿ ದುಡಿದ ಜಿ. ವೆಂಕಟಸುಬ್ಬಯ್ಯನವರು ಆಮೇಲೆ 'ಇಗೋ ಕನ್ನಡ' ಅಂತ ಪ್ರಜಾವಾಣಿಯಲ್ಲಿ ಓದುಗರ ಅನುಮಾನಗಳಿಗೆ ಉತ್ತರ ಬರೆದರು. 2021ರಲ್ಲಿ ತೀರಿಕೊಂಡಾಗ ಅವರಿಗೆ 107. ಚೀಟಿ ಬರೆಯುವುದು, ಚೀಟಿ ಜೋಡಿಸುವುದು, ಒಂದು ಅರ್ಥಕ್ಕಾಗಿ ಹಳೆಗನ್ನಡ ಕಾವ್ಯ ಹುಡುಕುವುದು, ಆ ಮೇಜಿನ ಸುತ್ತ ಕೂತ ಪಂಡಿತರ ಜಗಳ. ಸೀರಿಯಲ್ಲಿಗೆ ಇದಕ್ಕಿಂತ ಏನು ಬೇಕು? ಅತ್ತೆ ಸೊಸೆ ಜಗಳ ಇದರ ಮುಂದೆ ಏನೂ ಅಲ್ಲ.

ಸುದ್ದಿಮನೆಯ ಸೀರಿಯಲ್ಲುಗಳ ಕಥೆ ಬೇರೆ. ಅಲ್ಲಿ ಓಟ ಸಹಜ, ಯಾಕಂದರೆ ಡೆಡ್‌ಲೈನ್ ಯಾರಪ್ಪನ ಮಾತೂ ಕೇಳುವುದಿಲ್ಲ. 2018ರಲ್ಲಿ ಬಿಬಿಸಿಯಲ್ಲಿ 'ಪ್ರೆಸ್' ಅಂತ ಬಂತು, ಲಂಡನ್ನಿನ ಎರಡು ಪತ್ರಿಕೆಗಳ ಪೈಪೋಟಿ. ಅದನ್ನು ಆಧರಿಸಿ 2022ರಲ್ಲಿ ಹಿಂದಿಯಲ್ಲಿ 'ದಿ ಬ್ರೋಕನ್ ನ್ಯೂಸ್' ಮಾಡಿದರು. ಅಲ್ಲಿ ಪತ್ರಿಕೆಗಳಾಗಿದ್ದವು ಇಲ್ಲಿ ಟೀವಿ ಚಾನೆಲ್ಲುಗಳಾದವು. ತಪ್ಪೇನಿಲ್ಲ. ಮೌನವಾಗಿ ಪುಟ ಕಟ್ಟುವ ಸಬ್ ಎಡಿಟರಿಗಿಂತ ಕೂಗುವ ಆಂಕರ್ ನೋಡುವುದಕ್ಕೆ ಚೆಂದ. ಕೇಳುವುದಕ್ಕೆ ಹೇಗೆ ಅಂತ ನಾನು ಹೇಳಲಾರೆ.

ಡೆಸ್ಕಿನಲ್ಲಿ ಕೂತು ಸುದ್ದಿ ತಿದ್ದುವವರ ಜೀವ ಗೊತ್ತಿದ್ದು ಬರೆದದ್ದು ಅಮೆರಿಕದ ಸೀರಿಯಲ್ 'ದಿ ವೈರ್'ನ ಐದನೇ ಸೀಸನ್. 2008ರದ್ದು. ಮಾಡಿದ ಡೇವಿಡ್ ಸೈಮನ್ ತಾನೇ 'ಬಾಲ್ಟಿಮೋರ್ ಸನ್' ಪತ್ರಿಕೆಯಲ್ಲಿ ವರದಿಗಾರನಾಗಿದ್ದವನು, ಕಥೆ ನಡೆಯುವುದೂ ಅದೇ ಹೆಸರಿನ ಪತ್ರಿಕೆಯಲ್ಲಿ. ಅದರಲ್ಲಿ ಸಿಟಿ ಎಡಿಟರ್ ಗಸ್ ಹೇನ್ಸ್ ರಾತ್ರಿ ನಿದ್ದೆಯಿಂದ ದಡಕ್ಕನೆ ಏಳುತ್ತಾನೆ. ಸುದ್ದಿಯೊಂದರಲ್ಲಿ ಅಂಕಿಗಳನ್ನು ಅದಲುಬದಲು ಮಾಡಿಬಿಟ್ಟೆನಾ ಅಂತ ಅನುಮಾನ. ಆ ಹೊತ್ತಿನಲ್ಲಿ ಆಫೀಸಿಗೆ ಫೋನ್ ಮಾಡಿ ತೆಗೆದು ನೋಡಿಸುತ್ತಾನೆ. ಸರಿಯಾಗೇ ಇರುತ್ತದೆ. ಅಷ್ಟೇ ದೃಶ್ಯ. ಕಥೆಗೆ ಇದರಿಂದ ಏನೂ ಆಗುವುದಿಲ್ಲ. ಆದರೆ ಪತ್ರಿಕೆಯಲ್ಲಿ ಕೆಲಸ ಮಾಡಿದವರಿಗೆ ಇದನ್ನು ತೋರಿಸಿ ನೋಡಿ, ಯಾರೂ ಮಾತಾಡುವುದಿಲ್ಲ, ಸುಮ್ಮನೆ ತಲೆ ಆಡಿಸುತ್ತಾರೆ. ಇನ್ನು ಕೊನೆ? ಕಟ್ಟುಕಥೆ ಬರೆದ ವರದಿಗಾರನಿಗೆ ಪುಲಿಟ್ಜರ್ ಬಹುಮಾನ. ಅದನ್ನು ಹಿಡಿದ ಗಸ್‌ಗೆ ಶಿಕ್ಷೆ. ಶಿಕ್ಷೆ ಏನು ಗೊತ್ತಾ? ಕಾಪಿ ಡೆಸ್ಕಿಗೆ ವರ್ಗ. ಅಂದರೆ ನಾನು ಸಂಬಳ ತೆಗೆದುಕೊಂಡು ಖುಷಿಯಿಂದ ಮಾಡುವ ಕೆಲಸ!

ಕನ್ನಡದಲ್ಲಿ ಪ್ರಕಾಶನದ ಮೇಲೆ ಒಂದು ಸೀರಿಯಲ್ ಮಾಡುವುದಾದರೆ ನನ್ನ ಹತ್ತಿರ ಸಾಮಗ್ರಿ ರೆಡಿ ಇದೆ. ವಿಲನ್ ಯಾರು ಅಂದರೆ, ಮುನ್ನುಡಿ ಬರೆದುಕೊಡುತ್ತೇನೆ ಅಂತ ಒಪ್ಪಿಕೊಂಡು ಆಮೇಲೆ ಫೋನ್ ಎತ್ತದ ಹಿರಿಯರು. ಹಳೇ ಫಾಂಟಿನಿಂದ ಯೂನಿಕೋಡಿಗೆ ತಿರುಗಿಸುವಾಗ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗುವುದು ಮಧ್ಯಂತರದ ದುರಂತ. ಅರ್ಕಾವತ್ತು ಇರಲೇಬೇಕು ಅನ್ನುವ ಕವಿಗೂ ಬೇಡವೇ ಬೇಡ ಅನ್ನುವ ಡಿಟಿಪಿ ಹುಡುಗನಿಗೂ ಒಂದು ವಾರ ಎಳೆಯುವಷ್ಟು ಜಗಳ ಇದೆ. ಪುಸ್ತಕ ಪ್ರೆಸ್ಸಿಗೆ ಹೋಗುವ ಮೊದಲೇ ಬಿಡುಗಡೆಯ ಆಹ್ವಾನ ಪತ್ರಿಕೆ ಅಚ್ಚಾಗಿರುತ್ತದೆ. ಅತಿಥಿಗಳು ಸಿಗುವುದು ಆ ಒಂದೇ ಭಾನುವಾರ.

ಕ್ಲೈಮ್ಯಾಕ್ಸು ಬೆಂಗಳೂರಿನ ಜೆ.ಸಿ. ರಸ್ತೆಯ ನಯನ ಸಭಾಂಗಣದಲ್ಲಿ. ಹೊರಗೆ ಉಪ್ಪಿಟ್ಟು ಕೇಸರಿಬಾತ್ ನಡೆಯುತ್ತಿದೆ. ವೇದಿಕೆ ಮೇಲೆ ಐದು ಜನ, ಪುಸ್ತಕವೂ ಐದೇ ಬಂದಿದೆ, ಗೋಂದು ಇನ್ನೂ ಆರಿಲ್ಲ. ಅಧ್ಯಕ್ಷರು ಬಣ್ಣದ ಕಾಗದ ಬಿಚ್ಚಿ ಎತ್ತಿ ಹಿಡಿಯುತ್ತಾರೆ, ಫೋಟೋ ಆಗುತ್ತದೆ, ಚಪ್ಪಾಳೆ ಬೀಳುತ್ತದೆ. ಹೊರಗಿನ ಟೇಬಲ್ಲಿಗೆ ಒಬ್ಬ ಓದುಗ ದುಡ್ಡು ಹಿಡಿದು ಬರುತ್ತಾನೆ. "ನಾಳೆ ಬನ್ನಿ ಸಾರ್, ಬೈಂಡಿಂಗ್‌ನಲ್ಲಿದೆ." ಎಪಿಸೋಡ್ ಅಲ್ಲಿಗೆ ಕಟ್. ಟೈಟಲ್ ಸಾಂಗ್ ಬರೆದುಕೊಡಲು ಕವಿಗಳು ಸಾಲುಗಟ್ಟಿ ನಿಲ್ಲುತ್ತಾರೆ, ಅದರ ಚಿಂತೆ ಬೇಡ. ತೆರೆಯ ಮೇಲೆ ಬರುವ ಹೆಸರುಗಳ ಪ್ರೂಫ್ ಮಾತ್ರ ನನಗೇ ಕಳಿಸಿ.