ಏಣಿಯ ಕೆಳಗೆ ನಿಂತವರು

ಆಸ್ಟ್ರೇಲಿಯಾದ ಸೇಬಿನ ತೋಟಕ್ಕೆ ಜೋಡಿಯಾಗಿ ಕೂಲಿಗೆ ಹೋಗಿ ಬಂದವರನ್ನು ಕೇಳಿ ನೋಡಿ. ಬಿಸಿಲಿನ ಬಗ್ಗೆ ಎರಡು ಮಾತು, ಬೆನ್ನುನೋವಿನ ಬಗ್ಗೆ ನಾಲ್ಕು ಮಾತು ಆಡಿಯಾರು. ಏಣಿಯ ಕೆಳಗೆ ನಿಂತ ಸಂಗಾತಿಯ ವಿಷಯ ತೆಗೆದಿರೋ, ಆ ರಾತ್ರಿ ನಿಮ್ಮ ಊಟ ತಡ.

ಅಲ್ಲಿಗೆ ತಲುಪುವುದೇ ಒಂದು ಲಾಟರಿ. ಭಾರತದ ಪಾಸ್‌ಪೋರ್ಟಿನವರಿಗೆ 462 ನಂಬರಿನ ವರ್ಕ್ ಅಂಡ್ ಹಾಲಿಡೇ ವೀಸಾ ಸಿಗತೊಡಗಿದ್ದು 2024ರಲ್ಲಿ. ವಯಸ್ಸು 18ರಿಂದ 30, ವರ್ಷಕ್ಕೆ 1,000 ಜನ, ಅದೂ ಚೀಟಿ ಎತ್ತಿ. ಗಂಡ ಹೆಂಡತಿ ಅಂತ ಒಂದೇ ಅರ್ಜಿ ಹಾಕುವಂತಿಲ್ಲ, ಇಬ್ಬರ ಹೆಸರೂ ಬೇರೆ ಬೇರೆಯಾಗಿ ಬರಬೇಕು. ಹೀಗೆ ಎರಡೆರಡು ಸಲ ಅದೃಷ್ಟ ಒಲಿದ ದಂಪತಿ, ಕೆಲಸದ ಮೂರನೆಯ ದಿನ ಒಂದು ಸೇಬಿನ ತೊಟ್ಟಿನ ವಿಚಾರಕ್ಕೆ ಮಾತು ಬಿಟ್ಟಿರುತ್ತಾರೆ.

ತೊಟ್ಟು ಸಣ್ಣ ವಿಷಯವೇನಲ್ಲ. ಸೇಬನ್ನು ಎಳೆಯಬಾರದು. ಅಂಗೈಯಲ್ಲಿ ಹಿಡಿದು ಮೇಲಕ್ಕೆ ಮಗುಚಿ ಸ್ವಲ್ಪ ತಿರುಚಿದರೆ ತೊಟ್ಟಿನ ಸಮೇತ ತಾನೇ ಬಿಟ್ಟು ಬರುತ್ತದೆ. ಎಳೆದರೆ ತೊಟ್ಟು ಕಿತ್ತುಹೋಗುತ್ತದೆ, ಇಲ್ಲವೇ ಹಣ್ಣು ಬಿಡುವ ಗಿಡ್ಡ ಕವಲು, ಮೋಟುಗೆಣ್ಣೇ ಮುರಿದು ಮುಂದಿನ ವರ್ಷದ ಮೊಗ್ಗೂ ಕೈಗೆ ಬರುತ್ತದೆ. ಬೆರಳ ತುದಿಯಿಂದ ಒತ್ತಿದರೆ ಆಗ ಏನೂ ಕಾಣದು. ಆಮೇಲೆ ಐದು ಬೆರಳೂ ಕಂದು ಕಲೆಯಾಗಿ ಮೂಡುತ್ತವೆ. ಉಗುರು ಉದ್ದ ಬಿಟ್ಟವರ ಗತಿ ಹೇಳುವುದೇ ಬೇಡ.

ಎದೆಗೆ ಕಟ್ಟಿಕೊಳ್ಳುವ ಚೀಲ ತುಂಬಿದರೆ ಹತ್ತಿರಹತ್ತಿರ 20 ಕಿಲೋ. ಬಿನ್ ಅನ್ನುವ ದೊಡ್ಡ ಪೆಟ್ಟಿಗೆ ಸುಮಾರು 400 ಕಿಲೋ ನುಂಗುತ್ತದೆ. ಅಂದರೆ ಇಪ್ಪತ್ತು ಚೀಲ. ಜೋಡಿಗೆ ಒಂದೇ ಬಿನ್, ಕೂಲಿಯೂ ಬಿನ್ನಿನ ಲೆಕ್ಕ. (ಎಷ್ಟೇ ನಿಧಾನವಾದರೂ ಗಂಟೆಯ ಕನಿಷ್ಠ ಕೂಲಿಗಿಂತ ಕಮ್ಮಿ ಕೊಡುವಂತಿಲ್ಲ ಅನ್ನುವ ನಿಯಮ 2022ರ ಏಪ್ರಿಲ್ 28ರಿಂದ ಇದೆ. ಅದನ್ನು ಬಾಯಿಪಾಠ ಮಾಡಿಕೊಂಡೇ ಹೋಗಿ.) ಇಪ್ಪತ್ತರಲ್ಲಿ ನಿನ್ನದೆಷ್ಟು ನನ್ನದೆಷ್ಟು ಅಂತ ಯಾರೂ ಬಾಯಿಬಿಟ್ಟು ಎಣಿಸುವುದಿಲ್ಲ. ಮನಸ್ಸಿನಲ್ಲಿ ಇಬ್ಬರೂ ಎಣಿಸುತ್ತಾರೆ. ಮೊತ್ತ ಮಾತ್ರ ಯಾವಾಗಲೂ ಇಪ್ಪತ್ತಾರು.

ಏಣಿಗೆ ಮೂರೇ ಕಾಲು. ಮೂರನೆಯದನ್ನು ಕೊಂಬೆಗಳ ನಡುವೆ ತೂರಿಸಿ ನಿಲ್ಲಿಸಬೇಕು. ಖಾಲಿ ಚೀಲದಲ್ಲಿ ಹತ್ತಬೇಕು, ತುಂಬುತ್ತ ಇಳಿಯಬೇಕು, ತುತ್ತತುದಿಯ ಮೆಟ್ಟಿಲ ಮೇಲೆ ನಿಲ್ಲಲೇಬಾರದು. ಒಬ್ಬರು ಮೇಲೆ, ಒಬ್ಬರು ಕೆಳಗೆ. ಕೆಳಗಿನವರ ಕೆಲಸ ಕೈಗೆಟಕುವ ಹಣ್ಣು ಕೊಯ್ಯುವುದು. ಕೊಯ್ಯುತ್ತಾರೆಯೇ? ಕತ್ತೆತ್ತಿ ನಿಲ್ಲುತ್ತಾರೆ. “ಏ, ಎಡಗಡೆ ಒಂದಿದೆ ನೋಡು.” ಯಾರ ಎಡ? “ನನ್ನ ಎಡ ಅಲ್ಲ, ನಿನ್ನ ಎಡ. ಎಲೆ ಹಿಂದೆ. ಆ ಎಲೆ ಅಲ್ಲ.” ಮರದಲ್ಲಿ ಎಲೆಗಳೇನು ಎರಡೇ? “ಅಲ್ಲೇ ಕೈ ಹತ್ತಿರ! ಅಯ್ಯೋ, ಅದು ಇನ್ನೂ ಹಸಿರು, ಬಿಡು.” ಬಣ್ಣ ಬಂದದ್ದನ್ನು ಮಾತ್ರ ಕೊಯ್ಯಿರಿ ಅಂತ ಮೇಸ್ತ್ರಿ ಬೆಳಿಗ್ಗೆಯೇ ಇಬ್ಬರಿಗೂ ಹೇಳಿರುತ್ತಾನೆ; ಕೆಳಗಿನವರು ಅದನ್ನು ತಮಗೊಬ್ಬರಿಗೇ ಕೊಟ್ಟ ಅಧಿಕಾರಪತ್ರ ಅಂದುಕೊಂಡಿರುತ್ತಾರೆ. ಮೇಲಿನವರು ಒಂದು ಕಾಲು ಗಾಳಿಯಲ್ಲಿಟ್ಟು ಆ ಸೇಬು ಕಿತ್ತ ಮೇಲೂ ಶಹಭಾಸ್ ಇಲ್ಲ. “ಈಗ ಅದರ ಮೇಲಿಂದು.”

ದೇವರು ಕೆಲವೊಮ್ಮೆ ಕಣ್ಣು ಬಿಡುತ್ತಾನೆ. ಚೀಲದ ತಳಕ್ಕೆ ಹೊಲಿಗೆಯಿಲ್ಲ. ತಳವನ್ನು ಮೇಲಕ್ಕೆ ಮಡಚಿ ಹಗ್ಗದಿಂದ ಕೊಕ್ಕೆಗೆ ಸಿಕ್ಕಿಸಿರುತ್ತಾರೆ. ಬಿನ್ನಿನೊಳಗೆ ಬಗ್ಗಿ, ಹಗ್ಗ ಬಿಚ್ಚಿ, ಸೇಬು ಉರುಳಿಕೊಳ್ಳುವಂತೆ ಮೆಲ್ಲಗೆ ಚೀಲ ಎತ್ತಬೇಕು. ಆಮೇಲೆ ಮತ್ತೆ ಹಗ್ಗ ಸಿಕ್ಕಿಸಬೇಕು. ಮೇಲೆಯೇ ಕಣ್ಣಿಟ್ಟವರಿಗೆ ಈ ಕೊನೆಯದು ಮರೆಯುತ್ತದೆ. ವಾಪಸ್ ಬಂದು, ಬೆರಳು ತೋರಿಸುತ್ತಲೇ, ಅಪರೂಪಕ್ಕೆ ತಾವೂ ಕೊಯ್ಯುತ್ತಾರೆ. ಒಂದು, ಎರಡು, ಹತ್ತು. ಚೀಲ ಯಾಕೋ ಭಾರವಾಗುತ್ತಿಲ್ಲ. ಅಷ್ಟೂ ಸೇಬು ಕಾಲಬುಡದ ಹುಲ್ಲಿನಲ್ಲಿ ಸುಖವಾಗಿ ಕೂತಿವೆ. ನೆಲ ಮುಟ್ಟಿದ ಹಣ್ಣನ್ನು ಬಿನ್ನಿಗೆ ಹಾಕುವಂತಿಲ್ಲ. ಏಣಿಯ ಮೇಲಿನವರಿಗೆ ಮೊದಲನೆಯದು ಬಿದ್ದಾಗಲೇ ಕಂಡಿರುತ್ತದೆ. ಹೇಳಿರುವುದಿಲ್ಲ, ಅಷ್ಟೇ.

ಸಂಜೆ ಕೊನೆಯ ಬಿನ್ ತುಂಬಿದಾಗ ಬಯ್ಯುವ ಶಕ್ತಿಯೂ ಉಳಿದಿರುವುದಿಲ್ಲ. ಸಾಲಿನ ತುದಿಯಲ್ಲಿ ಇಬ್ಬರೂ ಟ್ರ್ಯಾಕ್ಟರಿಗೆ ಕಾಯುತ್ತ ನೆಲಕ್ಕೆ ಒರಗುತ್ತಾರೆ. ಇಷ್ಟು ಜೋಪಾನವಾಗಿ ಮುರಿಯದೆ ಬಿಟ್ಟ ಗೆಣ್ಣುಗಳಲ್ಲಿ ಮುಂದಿನ ವರ್ಷ ಹಣ್ಣು ಬಿಡುವಾಗ ಇದೇ ಸಾಲಿನಲ್ಲಿ ಇನ್ಯಾರೋ ಜಗಳವಾಡುತ್ತಿರುತ್ತಾರೆ. ಮರದ ನೆತ್ತಿಯಲ್ಲಿ ಒಂದು ಕೆಂಪು ಸೇಬು ಉಳಿದುಬಿಟ್ಟಿದೆ. ಇಬ್ಬರಿಗೂ ಕಾಣುತ್ತಿದೆ. ಏಣಿ ಇಪ್ಪತ್ತು ಹೆಜ್ಜೆ ದೂರ. ಕೆಳಗೆ ನಿಂತಿದ್ದವರು ಕೈ ಎತ್ತುತ್ತಾರೆ, ಬೆವರು ಒರೆಸಿಕೊಂಡು ಇಳಿಸುತ್ತಾರೆ.